ನನ್ನ ಹಾಡುಗಳನ್ನು ಕೊಟ್ಟುಬಿಡು

“ನನ್ನ ಹಾಡುಗಳನ್ನ ಕೊಟ್ಟುಬಿಡು. ಬೇರೇನೂ ಕೇಳೋಕೆ ಬಂದಿಲ್ಲ.”

ಬಾಗಿಲು ತೆರೆದ ಗಂಡನಿಗೆ ಅವಳು ಹೇಳಿದ ಮೊದಲ ಮಾತು ಇದು. ಅವಳು ಮನೆ ಬಿಟ್ಟು ಹೋದ ಮೇಲೆ ಇಬ್ಬರೂ ಎದುರುಬದುರಾಗಿದ್ದು ಇದೇ ಮೊದಲು. ದಾರಿಯುದ್ದಕ್ಕೂ ಈ ಮಾತನ್ನೇ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ದನಿ ನಡುಗಬಾರದು, ಕಣ್ಣು ತುಂಬಬಾರದು... ಎರಡರಲ್ಲೂ ಪಾಸಾದಳು ಎನ್ನಿ!

ಅವನು ಅವಳ ಮುಖವನ್ನೇ ನೋಡುತ್ತ ನಿಂತ.

'ನೋಡು, ಹೇಗೆ ನೋಡ್ತಾನೆ! ಏನೂ ಆಗೇ ಇಲ್ಲ ಅನ್ನೋ ಹಾಗೆ!' ಅವಳ ಮೈ ಉರಿಯಿತು.

“ಒಳಗೆ ಬಾ,” ಎಂದ.

“ಬೇಡ. ಇಲ್ಲೇ ನಿಲ್ತೀನಿ.”

ಅಷ್ಟರಲ್ಲಿ ಅವನು ಬೆನ್ನು ತಿರುಗಿಸಿ ಒಳಗೆ ನಡೆದಾಗಿತ್ತು. ಇವಳ ಮಾತಿಗೆ ಕವಡೆ ಕಾಸಿನ ಕಿಮ್ಮತ್ತಿಲ್ಲ. ಹಲ್ಲು ಕಚ್ಚಿಕೊಂಡು ಹಿಂದೆಯೇ ಹೋದಳು.

ಅದು ಅವನ ಸ್ಟುಡಿಯೋ. ಹಾಡುಗಳಿಗೆ, ಜಾಹೀರಾತುಗಳಿಗೆ ಧ್ವನಿ ಹದ ಮಾಡಿಕೊಡುವ ಸೌಂಡ್ ಎಂಜಿನಿಯರ್ ಅವನು. ಗೋಡೆ ತುಂಬ ಸದ್ದು ಹೀರುವ ಬೂದು ಬಣ್ಣದ ಸ್ಪಂಜು ಹಾಗೆಯೇ ಇತ್ತು. ಆದರೆ ದೊಡ್ಡ ಸ್ಪೀಕರುಗಳಿದ್ದ ಜಾಗದಲ್ಲಿ ಧೂಳಿನ ಗುರುತು ಮಾತ್ರ. ಒಂದು ಮೂಲೆಯಲ್ಲಿ ಸುತ್ತಿಟ್ಟ ಹಾಸಿಗೆ, ಇನ್ನೊಂದು ಮೂಲೆಯಲ್ಲಿ ಅರ್ಧ ತುಂಬಿದ ರಟ್ಟಿನ ಪೆಟ್ಟಿಗೆಗಳು.

'ಎಲ್ಲೋ ಹೊರಟಿದ್ದಾನೆ... ಹೊಸ ಬದುಕು ಕಟ್ಟೋಕೆ ಇಷ್ಟು ಅವಸರವಾ?'

ಮುಂದಿನ ವಾರ ವಕೀಲರ ಮುಂದೆ ಇಬ್ಬರೂ ವಿಚ್ಛೇದನದ ಕಾಗದಕ್ಕೆ ಸಹಿ ಹಾಕಬೇಕು. ಬಿಡುಗಡೆ ಬೇಕು ಎಂದು ಕೇಳಿದವಳು ಇವಳೇ. ಆದರೂ ಆ ಪೆಟ್ಟಿಗೆಗಳನ್ನು ಕಂಡರೆ ಇವಳಿಗೆ ಯಾಕೆ ಹೀಗಾಗಬೇಕು? ಬೇಡವೆಂದು ಬಿಸಾಕಿದ್ದನ್ನು ಬೇರೆಯವರು ಎತ್ತಿಕೊಂಡರೂ ನೋವಾಗುತ್ತದೆಯಲ್ಲ, ಅಂಥ ಸಂಕಟ!

ಅವನು ಮೇಜಿನ ಖಾನೆಯಿಂದ ಅಂಗೈ ಅಗಲದ ಕಪ್ಪು ಡ್ರೈವ್ ತೆಗೆದು ಕೊಟ್ಟ.

“ಎಲ್ಲಾ ಇದರಲ್ಲಿದೆ. ಹಾಡು, ತಾಳದ ಲೆಕ್ಕ, ನಿನ್ನ ಪೇಷಂಟುಗಳ ಪಟ್ಟಿ... ಎಲ್ಲಾ. ಒಂದೊಂದೇ ಹಾಡು ಕೂತು ಸರಿ ಮಾಡಿದ್ದೀನಿ.”

“ಸರಿ ಇದ್ದಿದ್ದನ್ನ ಮತ್ತೇನು ಸರಿ ಮಾಡೋದು?”

ಆ ಹೊತ್ತಿಗೆ ಅವಳು ಬಾಗಿಲ ಕಡೆ ತಿರುಗಿದ್ದಳು. ಅವನಿಂದ ಉತ್ತರ ಬರಲಿಲ್ಲ. ಬರುವುದಿಲ್ಲವೆಂದು ಅವಳಿಗೂ ಗೊತ್ತಿತ್ತು.

*

ಗಂಡನನ್ನೇ ಬೇಡ ಎಂದವಳಿಗೆ ಅವನ ಕಂಪ್ಯೂಟರಿನ ಹಾಡುಗಳು ಯಾಕೆ ಬೇಕು? ಅದನ್ನು ಹೇಳದೆ ಮುಂದೆ ಹೋದರೆ ಅವಳಿಗೆ ಅನ್ಯಾಯವಾಗುತ್ತದೆ.

ಅವಳು ಫಿಸಿಯೋಥೆರಪಿಸ್ಟ್. ಸ್ಟ್ರೋಕ್ ಹೊಡೆದು ನಡಿಗೆಯನ್ನೇ ಮರೆತವರಿಗೆ ಮತ್ತೆ ನಡೆಯಲು ಕಲಿಸುವ ಕೆಲಸ. “ಬಲಗಾಲು ಇಡಿ, ಎಡಗಾಲು ಇಡಿ” ಎಂದು ಗಂಟಲು ಹರಿದುಕೊಂಡರೂ ಕದಲದ ಕಾಲು, ಸರಿಯಾದ ಹಾಡು ಹಾಕಿದರೆ ತಾನಾಗಿಯೇ ಏಳುತ್ತದೆ. ಆದರೆ ಹಾಡಿನ ತಾಳ ಆ ಕಾಲಿನ ವೇಗಕ್ಕೆ ಕೂಡಿಬರಬೇಕು. ಒಬ್ಬರಿಗೆ ಕೂಡಿದ್ದು ಇನ್ನೊಬ್ಬರಿಗೆ ಕೂಡುವುದಿಲ್ಲ. ಅದಕ್ಕೇ ಆಸ್ಪತ್ರೆಯಲ್ಲಿ ಅವಳಿಗೆ 'ತಾಳ ಮೇಡಂ' ಎಂದೇ ಹೆಸರು.

ಅವನೂ ಮೊದಲು ಬಂದದ್ದು ಪೇಷಂಟ್ ಆಗಿಯೇ. ಮಂಡಿ ಉಳುಕಿಸಿಕೊಂಡು ಕುಂಟುತ್ತ ಬಂದ ಮಹಾಶಯ ಮೊದಲ ದಿನವೇ ತಕರಾರು ತೆಗೆದ.

“ಮೇಡಂ, ನಿಮ್ಮ ಹಾಡು ನನ್ನ ಕಾಲಿಗಿಂತ ಒಂದು ಕೂದಲೆಳೆ ಹಿಂದಿದೆ.”

“ಇಲ್ಲಿ ಎತ್ತಬೇಕಾಗಿರೋದು ಕಾಲು, ದನಿ ಅಲ್ಲ!”

ಗದರಿದಳು. ಮನೆಗೆ ಹೋಗಿ ಎಣಿಸಿ ನೋಡಿದಳು. ಅವನು ಹೇಳಿದ್ದು ನಿಜವಾಗಿತ್ತು! ಅಂಥ ಕಿವಿ ಅವನದು. ಆ ಕಿವಿಗೇ ಮನಸೋತಳು ಎಂದರೂ ತಪ್ಪಿಲ್ಲ.

ಮದುವೆಯಾದ ಹೊಸದರಲ್ಲಿ ಬೇರೆ ಜೋಡಿಗಳು ಸಿನಿಮಾಕ್ಕೆ ಹೋಗುತ್ತಿದ್ದ ಹೊತ್ತಿನಲ್ಲಿ ಇವರಿಬ್ಬರು ಕಂಪ್ಯೂಟರಿನ ಮುಂದೆ ಕೂತು ತಾಳ ಎಣಿಸುತ್ತಿದ್ದರು. ಅವನು ಕಣ್ಣು ಮುಚ್ಚಿ ಮೇಜಿನ ಮೇಲೆ ಬೆರಳು ತಟ್ಟುವುದು, ಅವಳು ಹಾಡಿನ ಹೆಸರಿನ ಪಕ್ಕ ಲೆಕ್ಕ ತುಂಬುವುದು. ನಡುವೆ ಒಂದು ಮುತ್ತು, ಮತ್ತೆ ತಾಳ. ಹೀಗೆ ಬೆಳೆದ ಸಂಗ್ರಹ ಅದು. ಒಬ್ಬೊಬ್ಬ ಪೇಷಂಟಿಗೂ ಒಂದೊಂದು ಹಾಡಿನ ಪಟ್ಟಿ; ಗುಣವಾಗಿ ಮನೆಗೆ ಹೋದವರ ಪಟ್ಟಿಯನ್ನೂ ಅವಳು ಅಳಿಸುತ್ತಿರಲಿಲ್ಲ.

ಆಮೇಲೆ ಅವನು ಬದಲಾದ.

ಫೋನ್ ಮಾಡಿದರೆ ಎತ್ತುವುದಿಲ್ಲ. ನೆಂಟರ ನಡುವೆ ಕೂರಿಸಿದರೆ ಮೂಲೆ ಹಿಡಿದು ಸುಮ್ಮನೆ ನಗುತ್ತಾನೆ. ಅವಳು ಅಡುಗೆ ಮಾಡುತ್ತ ದಿನದ ಕಥೆಯೆಲ್ಲ ಹೇಳಿ ಮುಗಿಸಿ ತಿರುಗಿದರೆ ಅವನು ಅಲ್ಲಿರುವುದೇ ಇಲ್ಲ! ಕೇಳಿದರೆ, “ತಲೆನೋವು.” ಇನ್ನೊಮ್ಮೆ ಕೇಳಿದರೆ, “ಕೆಲಸ.”

ಒಂದು ದಿನ ಬೆಳಗ್ಗೆ ಇದೇ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು. ಸಂಜೆ ಅವಳು ಬಚ್ಚಲುಮನೆಯಲ್ಲಿ ಜಾರಿ ಬಿದ್ದಳು. ಪಾದ ತಿರುಚಿ ಮೂಳೆ ಮುರಿದದ್ದು ಅವಳಿಗೇ ತಿಳಿಯಿತು. ಕೂಗಿದಳು. ಗೋಡೆಯ ಆಚೆಗೇ ಅವನು ಕೂತಿದ್ದ, ಕುರ್ಚಿ ಎಳೆದ ಸದ್ದು ಅವಳಿಗೆ ಕೇಳಿಸುತ್ತಿತ್ತು. ಹೆಸರು ಹಿಡಿದು ಕೂಗಿದಳು. ಅತ್ತು ಕೂಗಿದಳು. ಯಾರೂ ಬರಲಿಲ್ಲ. ಕೊನೆಗೆ ತೆವಳಿಕೊಂಡು ಹೋಗಿ ಅವನ ಕೋಣೆಯ ಬಾಗಿಲು ತಳ್ಳಿದಾಗ ಬೆಚ್ಚಿಬಿದ್ದು ಎದ್ದ.

“ಕೇಳಿಸ್ಲಿಲ್ವಾ ನಿನಗೆ?”

ಅವನ ಮುಖ ಬಿಳಿಚಿಕೊಂಡಿತು.

“ಕೇಳಿಸ್ತು,” ಎಂದ. “ಬೆಳಗಿನ ಸಿಟ್ಟಲ್ಲಿ... ಏಳಲಿಲ್ಲ.”

ಹೇಳಿ, ಯಾವ ಹೆಂಡತಿ ಇದನ್ನು ನುಂಗಿಕೊಳ್ಳುತ್ತಾಳೆ? ಬೈದಿದ್ದರೆ ಮರೆಯಬಹುದಿತ್ತು. ಹೆಂಡತಿ ನೆಲದ ಮೇಲೆ ಬಿದ್ದು ಗೋಳಿಡುವುದನ್ನು ಕೇಳಿಸಿಕೊಂಡು ಕೂತಿದ್ದನೆಂದರೆ!

ವಿಷಯ ತಿಳಿದು ಓಡಿಬಂದ ಅವಳ ಅಮ್ಮ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು.

“ಅದು ಜಾಣಕಿವುಡು ಕಣೇ! ಬೇಕಾದ್ದು ಮಾತ್ರ ಕೇಳಿಸೋ ಜನ. ಇಂಥವನ ಜೊತೆ ಏನು ಬಾಳ್ತೀಯ? ನಡಿ ಮನೆಗೆ.”

ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಅವಳು ತವರಿಗೆ ಹೋದಳು. ಅವನು ತಡೆಯಲಿಲ್ಲ.

*

ಆಸ್ಪತ್ರೆಯ ಹಳೆಯ ಲ್ಯಾಪ್‌ಟಾಪ್ ಕೆಟ್ಟು, ಅದರಲ್ಲಿದ್ದ ಹಾಡುಗಳೂ ಹೋಗಿದ್ದವು. ಮೂಲ ಸಂಗ್ರಹ ಅವನ ಹತ್ತಿರವೇ ಇತ್ತು. ಇಲ್ಲದಿದ್ದರೆ ಆ ಬಾಗಿಲು ತಟ್ಟುವ ಗ್ರಹಚಾರ ಅವಳಿಗೇಕೆ?

ಹೊಸ ಲ್ಯಾಪ್‌ಟಾಪಿಗೆ ಡ್ರೈವ್ ಚುಚ್ಚಿದಳು. ಹಾಡಿನ ಸಾಫ್ಟ್‌ವೇರ್ ತೆರೆಯಿತು. ಹೆಸರುಗಳೆಲ್ಲ ಸಾಲಾಗಿ ಬಂದವು... ಆದರೆ ಒಂದೊಂದರ ಮುಂದೆಯೂ ಆಶ್ಚರ್ಯಸೂಚಕ ಚಿಹ್ನೆ! ಒತ್ತಿದರೆ, 'ಈ ಹಾಡು ಸಿಗುತ್ತಿಲ್ಲ.' ಇನ್ನೊಂದನ್ನು ಒತ್ತಿದರೆ, 'ಈ ಹಾಡು ಸಿಗುತ್ತಿಲ್ಲ.'

'ಖಾಲಿ ಮಾಡಿ ಕೊಟ್ಟಿದ್ದಾನೆ! ಹೆಸರು ಉಳಿಸಿ ಹಾಡು ಅಳಿಸಿದ್ದಾನೆ!'

ಫೋನ್ ಮಾಡಿದಳು. ಕಟ್ ಮಾಡಿದ. ಮತ್ತೆ ಮಾಡಿದಳು. ಮತ್ತೆ ಕಟ್!

“ಒಂದು ಹಾಡೂ ಇಲ್ಲ. ಖಾಲಿ ಡಬ್ಬಿ ಕೊಟ್ಟು ಕಳಿಸಿದ್ದೀಯ. ನಾಚಿಕೆ ಆಗಲ್ವಾ?” ಎಂದು ಮೆಸೇಜ್ ಕಳಿಸಿದಳು.

ಕೂಡಲೇ ಉತ್ತರ ಬಂತು. “ಹಾಡು ಎಲ್ಲೂ ಹೋಗಿಲ್ಲ. ನನ್ನ ಕಂಪ್ಯೂಟರಲ್ಲಿ ಆ ಡ್ರೈವ್‌ಗೆ ಇದ್ದ ಗುರುತಿನ ಅಕ್ಷರ ಒಂದು, ನಿನ್ನದರಲ್ಲಿ ಬಂದಿರೋದು ಇನ್ನೊಂದು. ಹಳೇ ವಿಳಾಸದಲ್ಲೇ ಹುಡುಕ್ತಾ ಇದೆ, ಅಷ್ಟೇ. ಅಕ್ಷರ ಬದಲಾಯಿಸು, ಸಿಗುತ್ತೆ.” ಹೇಗೆ ಬದಲಾಯಿಸಬೇಕೆಂದೂ ಬರೆದಿದ್ದ.

'ಇಷ್ಟುದ್ದ ಟೈಪ್ ಮಾಡೋಕಾಗುತ್ತೆ, ಎರಡು ಮಾತಾಡಿದ್ರೆ ನಾಲಿಗೆ ಸವೆಯುತ್ತಿತ್ತಾ?'

ಅವನು ಹೇಳಿದಂತೆ ಮಾಡಿದಳು. ಆಶ್ಚರ್ಯಸೂಚಕಗಳೆಲ್ಲ ಮಾಯವಾದವು. ಹಾಡು, ತಾಳದ ಲೆಕ್ಕ, ಪಟ್ಟಿ, ಎಲ್ಲವೂ ಇದ್ದವು. ಸಮಾಧಾನವಾಗಬೇಕಿತ್ತು. ಬೈಯಲು ಸಿಕ್ಕ ಒಂದು ಕಾರಣವೂ ಕೈ ತಪ್ಪಿತಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಕಾರಣ ಬೇಕಿತ್ತಲ್ಲ? ಸ್ವಲ್ಪ ಹೊತ್ತಿನಲ್ಲೇ ಸಿಕ್ಕಿತು.

ಅಂದಿನ ಮೊದಲ ಪೇಷಂಟ್ ಕಂಡಕ್ಟರ್ ತಾತ. ಬಸ್ಸಿನಲ್ಲಿ ಟಿಕೆಟ್ ಹರಿದು ಸವೆದ ಕೈ, ಸ್ಟ್ರೋಕ್ ಹೊಡೆದ ಎಡಗಾಲು. ಹಾಡಿಲ್ಲದ ದಿನಗಳಲ್ಲಿ ಒಂದು ಹೆಜ್ಜೆಗೂ ತಿಣುಕಾಡಿದ್ದರು. ಕಂಬಿಗಳ ನಡುವೆ ನಿಂತು ಹುರುಪಿನಿಂದ ಕೂಗಿದರು.

“ಹಾಡು ಬಂತಂತಲ್ಲ ಮೇಡಂ! ರೈಟ್ ರೈಟ್, ಹೊರಡಲಿ ಗಾಡಿ!”

“ಕಂಬಿ ಬಿಡಬೇಡಿ ತಾತ. ಗಾಡಿ ನಿಧಾನ,” ಎಂದು ನಕ್ಕು ಅವಳು ಹಾಡು ಹಾಕಿದಳು.

ಹಾಡು ಅದೇ. ತಾಳವೂ ಅದೇ. ಆದರೆ ಗೋಡೆಯ ಸ್ಪೀಕರುಗಳಿಂದ ಹೊರಟದ್ದು ಗಾಜಿನ ಮೇಲೆ ಮೊಳೆ ಗೀಚಿದಂಥ ಚೀರಾಟ! ಕೋಣೆಯಲ್ಲಿದ್ದವರೆಲ್ಲ ಕಿವಿ ಮುಚ್ಚಿಕೊಂಡರು. ತಾತನ ಕೈಯೂ ಕಂಬಿ ಬಿಟ್ಟು ಕಿವಿಗೆ ಹೋಯಿತು...

ಅವಳು ಹಾರಿ ಹಿಡಿಯುವಷ್ಟರಲ್ಲಿ ತಾತ ನೆಲಕ್ಕೆ ಬಿದ್ದಾಗಿತ್ತು. ಮಣಿಕಟ್ಟು ಮುರಿಯಿತು. ಊರುಗೋಲು ಹಿಡಿಯಬೇಕಾಗಿದ್ದ ಬಲಗೈಯ ಮಣಿಕಟ್ಟು.

“ಪರವಾಗಿಲ್ಲ ಮೇಡಂ... ಬ್ರೇಕ್ ಜೋರಾಯ್ತು, ಅಷ್ಟೇ,” ಎಂದು ನೋವಿನಲ್ಲೂ ನಗಲು ನೋಡಿದರು. ಆ ನಗುವನ್ನು ಅವಳಿಂದ ಸಹಿಸಲಾಗಲಿಲ್ಲ. ಒಂದಾದ ಮೇಲೊಂದು ಹಾಡನ್ನು ದನಿ ತಗ್ಗಿಸಿ ಹಾಕಿ ನೋಡಿದಳು. ಎಲ್ಲವೂ ಹಾಗೆಯೇ ಕಿರುಚುತ್ತಿದ್ದವು.

'ಒಂದೊಂದೇ ಹಾಡು ಕೂತು ಸರಿ ಮಾಡಿದ್ದೀನಿ ಅಂದನಲ್ಲ... ಇದನ್ನಾ!'

*

ಸಂಜೆ ಮತ್ತೆ ಅದೇ ಬಾಗಿಲು. ಈ ಸಲ ಬಾಯಿಪಾಠವಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

“ಎಷ್ಟು ದಿನ ಕೂತು ಮಾಡಿದೆ ಈ ಘನಕಾರ್ಯ? ನನ್ನ ಮೇಲಿನ ಸೇಡು ಹಾಡಿನ ಮೇಲಾ? ಕಿರುಚುತ್ತವೆ ಎಲ್ಲಾ! ವಯಸ್ಸಾದೋರೊಬ್ಬರು ಬೆಚ್ಚಿಬಿದ್ದು ಕೈ ಮುರಿದುಕೊಂಡ್ರು, ಗೊತ್ತಾ?”

ಅವನು ಎರಡು ಹೆಜ್ಜೆ ಮುಂದೆ ಬಂದು ಬೆಳಕಿನಲ್ಲಿ ಅವಳ ಮುಖಕ್ಕೆ ಎದುರಾಗಿ ನಿಂತ.

“ಕಿರುಚುತ್ತವಾ?”

“ನಾಟಕ ಬೇಡ!”

“ಇಲ್ಲ... ಹೇಳು. ಎಷ್ಟು ಕೆಟ್ಟದಾಗಿದೆ?”

“ಯಾಕೆ? ಕೇಳಿ ಖುಷಿಪಡಬೇಕಾ?”

“ಒಂದೆರಡು ಹಾಡಾ? ಎಲ್ಲಾ ಹಾಡೂನಾ?”

“ಎಲ್ಲಾ! ಒಂದೂ ಬಿಡದೆ ಎಲ್ಲಾ!”

ಅವನು ಹಿಂದಿದ್ದ ಪೆಟ್ಟಿಗೆಯ ಮೇಲೆ ಕುಸಿದು ಕುಳಿತ. “ಎಲ್ಲಾ...” ಎಂದು ತನಗೇ ಹೇಳಿಕೊಂಡ.

ಅವಳು ಮಾತು ನಿಲ್ಲಿಸಲಿಲ್ಲ. ಹಳೆಯ ಗಾಯ ಬಾಯಿ ತೆರೆದಿತ್ತು.

“ನಾನು ಬಿದ್ದು ಒದ್ದಾಡಿದಾಗಲೂ ಸುಮ್ಮನೆ ಕೂತಿದ್ದೋನು ನೀನು! ಅದು ನನ್ನ ಹಣೆಬರಹ ಅಂದ್ಕೊಂಡೆ. ಆ ತಾತ ನಿನಗೇನು ಮಾಡಿದ್ರು? ಮನುಷ್ಯನಾ ನೀನು?”

“ಕ್ಷಮಿಸು.”

“ಕ್ಷಮೆ ಅವರನ್ನ ಕೇಳು. ನನಗೆ ನಿನ್ನ ಸಹಿ ಸಾಕು.”

ಬಾಗಿಲನ್ನು ಎಷ್ಟು ಜೋರಾಗಿ ಎಳೆದು ಹಾಕಿದಳೆಂದರೆ ಮೆಟ್ಟಿಲಿನ ಮೇಲಿದ್ದ ಬೆಕ್ಕು ಓಡಿಹೋಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅವತ್ತು ಅವಳು ಮುತ್ತಿನ ಹಾರವನ್ನೇ ಒಡೆದು ಬಂದಿದ್ದಳು. ಅದು ಅವಳಿಗೆ ತಿಳಿದದ್ದು ಮಾರನೆಯ ದಿನ.

*

ಮಾರನೆಯ ದಿನ ಊಟದ ಬಿಡುವಿನಲ್ಲಿ ಹಾಡುಗಳನ್ನು ಮೊದಲಿನಂತೆ ಮಾಡಲು ಕೂತಳು. ಒಂದು ಹಾಡಿನ ವಿವರ ತೆರೆದರೆ ಅವನು ಮಾಡಿಟ್ಟ ಏರ್ಪಾಡು ಕಾಣುತ್ತಿತ್ತು. ಸಾಲಾಗಿ ಸಣ್ಣ ಗುಂಡಿಗಳು. ಎಡಗಡೆಯವು ದಪ್ಪ ಸ್ವರಕ್ಕೆ, ಬಲಗಡೆಯವು ಕೀರಲು ಸ್ವರಕ್ಕೆ. ಎಡಗಡೆಯ ಗುಂಡಿಗಳನ್ನು ಮುಟ್ಟಿಯೇ ಇಲ್ಲ. ಬಲಕ್ಕೆ ಹೋದಂತೆ ಒಂದಕ್ಕಿಂತ ಒಂದು ಮೇಲೆ, ಬೆಟ್ಟ ಹತ್ತಿದ ಹಾಗೆ! ಇನ್ನೊಂದು ಹಾಡು ತೆರೆದಳು. ಅದೇ ಬೆಟ್ಟ. ಮತ್ತೊಂದು, ಅದೇ. ಮೊದಮೊದಲು ಮುಟ್ಟಿದ ಹಾಡುಗಳಲ್ಲಿ ಏರು ಕಡಿಮೆ, ಇತ್ತೀಚಿನವುಗಳಲ್ಲಿ ತುದಿ ಮುಟ್ಟಿದೆ.

'ಸೇಡು ತೀರಿಸ್ಕೊಳ್ಳೋನಿಗೆ ಇಷ್ಟೊಂದು ಶ್ರದ್ಧೆಯಾ?' ಮೊದಲ ಬಾರಿಗೆ ಅನುಮಾನ ಬಂತು.

ಪಕ್ಕದ ಕೋಣೆಯ ಕಿವಿ ಅಕ್ಕ ಡಬ್ಬಿ ತೊಳೆದುಕೊಂಡು ಒಳಗೆ ಬಂದರು. ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡುವವರು, ಅದಕ್ಕೇ ಆ ಹೆಸರು. ಕಂಪ್ಯೂಟರಿನ ಕಡೆ ಕಣ್ಣು ಹಾಯಿಸಿ ನಿಂತುಬಿಟ್ಟರು.

“ಯಾರದಮ್ಮ ಇದು?”

“ಯಾರದು ಅಂದ್ರೆ? ಹಾಡಿಗೆ ಹಾಕಿರೋದು ಅಕ್ಕ, ಏನೋ ಕೆಡಿಸಿದ್ದಾರೆ.”

“ಕೆಡಿಸಿಲ್ಲ ಕಣೇ. ಇದನ್ನ ತಲೆಕೆಳಗೆ ಮಾಡಿ ನೋಡು. ನಾನು ದಿನಾ ಬರೆಯೋ ಚಾರ್ಟು ಇದು! ಕಿವಿ ಎಲ್ಲೆಲ್ಲಿ ಬಿದ್ದಿದೆಯೋ ಅಲ್ಲಲ್ಲಿ ಅಷ್ಟಷ್ಟೇ ಎತ್ತಿಕೊಂಡಿದ್ದಾರೆ. ಪಾಪ, ಮೇಲಿನ ಸ್ವರವೆಲ್ಲ ಹೋಗಿದೆ ಇವರಿಗೆ.”

ಅವಳ ಕೈ ಕೀಲಿಮಣೆಯ ಮೇಲೇ ನಿಂತಿತು.

“ಅಂದ್ರೆ... ಇದನ್ನ ಮಾಡಿದೋರಿಗೆ ಇದು ಕಿರುಚಿದ ಹಾಗೆ...?”

“ಹಾಗೆ ಕೇಳಲ್ಲ. ಅವರಿಗೆ ಸರಿಯಾಗಿ ಕೇಳುತ್ತೆ. ಇಂಥೋರಿಗೆ ಎದುರಿಗೆ ಕೂತು ಮಾತಾಡಿದ್ರೆ ತುಟಿ ನೋಡ್ಕೊಂಡು ನಿಭಾಯಿಸ್ತಾರೆ. ಫೋನಲ್ಲಿ ಕಷ್ಟ, ಗುಂಪಲ್ಲಿ ಕಷ್ಟ. ಗೋಡೆ ಆಚೆಯಿಂದ ಹೆಂಗಸರೋ ಮಕ್ಕಳೋ ಕೂಗಿದ್ರಂತೂ ಮುಗೀತು, ಗೊತ್ತೇ ಆಗಲ್ಲ.” ಕಿವಿ ಅಕ್ಕ ಅವಳ ಮುಖ ನೋಡಿ ಗಾಬರಿಯಾದರು. “ಏನಾಯ್ತೇ? ಯಾರು ಇವರು?”

“ನನ್ನ ಗಂಡ,” ಎಂದಳು.

ಆ ಪದ ಅವಳ ಬಾಯಿಂದ ಬಂದು ಎಷ್ಟು ಕಾಲವಾಗಿತ್ತೋ!

ದೀಪದ ಬುಡದಲ್ಲೇ ಕತ್ತಲೆ ಎಂದರೆ ಇದೇ. ಯಾರ ಕಾಲು ಎಷ್ಟು ಎಳೆಯುತ್ತದೆ ಎಂದು ಕಾರಿಡಾರಿನ ಸದ್ದಿನಲ್ಲೇ ಹೇಳುತ್ತಿದ್ದ ತಾಳ ಮೇಡಂ, ಒಂದೇ ಮನೆಯಲ್ಲಿದ್ದ ಮನುಷ್ಯನ ಕಿವಿ ಹೋದದ್ದನ್ನು ನೋಡಿರಲಿಲ್ಲ. ಫೋನ್ ಎತ್ತದವನು, ಬೆನ್ನ ಹಿಂದಿನ ಮಾತಿಗೆ ಉತ್ತರಿಸದವನು, ತುಟಿಯನ್ನೇ ನೋಡುತ್ತ ನಿಲ್ಲುವವನು... ಎಲ್ಲವೂ ಕಣ್ಣ ಮುಂದೆಯೇ ಇತ್ತು! ಜಾಣಕಿವುಡು ಎಂದ ಅಮ್ಮನ ಮಾತಿಗೆ ತಾನೂ ತಲೆಯಾಡಿಸಿದ್ದಳಲ್ಲ...

ಆದರೆ ಅಳು ಬರುವ ಮೊದಲೇ ಇನ್ನೊಂದು ನೆನಪಾಯಿತು. ಅವನೇ ತನ್ನ ಬಾಯಾರೆ ಹೇಳಿದ್ದ, ಕೇಳಿಸ್ತು ಅಂತ.

'ಯಾಕೆ ಹೇಳಿದ? ಯಾಕೆ?'

*

ಸ್ಟುಡಿಯೋದ ಬಾಗಿಲು ತೆರೆದೇ ಇತ್ತು. ಅವನು ಬೆನ್ನು ಮಾಡಿ ಕೂತು ಪೆಟ್ಟಿಗೆಗೆ ವೈರುಗಳನ್ನು ಸುತ್ತಿಡುತ್ತಿದ್ದ.

ಅವಳು ಹೊಸ್ತಿಲಲ್ಲಿ ನಿಂತು ಅವನ ಹೆಸರು ಕರೆದಳು. ಅವನು ವೈರು ಸುತ್ತುತ್ತಲೇ ಇದ್ದ. ಇನ್ನೂ ಜೋರಾಗಿ ಕರೆದಳು. ಪಕ್ಕದ ಅಂಗಡಿಯವನು ಇಣುಕಿ ನೋಡಿದ. ಗಂಟಲು ಒಡೆಯುವಂತೆ ಕರೆದಳು... ಅವನು ಇನ್ನೊಂದು ವೈರು ಕೈಗೆತ್ತಿಕೊಂಡ.

ಏನೇನೋ ಕೇಳಬೇಕೆಂದು ಬಂದಿದ್ದಳು. ಅದರಲ್ಲಿ ಅರ್ಧಕ್ಕೆ ಉತ್ತರ ಸಿಕ್ಕಿಹೋಯಿತು.

ನೆರಳು ಬಿದ್ದಾಗ ಅವನು ತಿರುಗಿದ.

“ಯಾವಾಗ ಬಂದೆ?”

“ಕೂಗಿ ಕೂಗಿ ಸಾಕಾದ ಮೇಲೆ.”

ಅವನಿಗೆ ಅರ್ಥವಾಯಿತು. ಕೈಯಲ್ಲಿದ್ದ ವೈರನ್ನು ಮೆಲ್ಲಗೆ ಕೆಳಗಿಟ್ಟ. ಕಳ್ಳ ಸಿಕ್ಕಿಬಿದ್ದ ಮುಖವಲ್ಲ ಅದು, ಓಡಿ ಓಡಿ ಸುಸ್ತಾದವನ ಮುಖ.

“ಯಾವಾಗಿಂದ?” ಎಂದಳು.

“ನೀನು ಬೀಳೋಕೆ ತುಂಬ ಮುಂಚೆಯಿಂದ. ಮೊದಲು ಕೊಳಲು ಮೇಲಕ್ಕೆ ಹೋದಾಗ ಕೇಳದೇ ಹೋಯ್ತು. ರೆಕಾರ್ಡಿಂಗ್ ಸರಿಯಿಲ್ಲ ಅಂದ್ಕೊಂಡೆ. ಆಮೇಲೆ ಹಕ್ಕಿಗಳು. ಆಮೇಲೆ ಗಿರಾಕಿಗಳು ಒಬ್ಬೊಬ್ಬರೇ ಬರೋದು ಬಿಟ್ರು, ಯಾರೂ ಕಾರಣ ಹೇಳಲಿಲ್ಲ.” ಒಣ ನಗು ನಕ್ಕ. “ಡಾಕ್ಟ್ರು ಹೇಳಿದ್ರು, ಹೋಗಿದ್ದು ವಾಪಸ್ ಬರಲ್ಲ, ಇನ್ನೂ ಹೋಗುತ್ತೆ ಅಂತ.”

“ನನ್ನ ಹಾಡುಗಳು? ಆ ಗುಂಡಿಗಳು ಅಷ್ಟು ಮೇಲಿರೋದು ಕಣ್ಣಿಗೆ ಕಾಣಲಿಲ್ವಾ?”

“ಕಾಣ್ತಿತ್ತು. ಕಣ್ಣನ್ನ ನಂಬೋದಾ, ಕಿವಿಯನ್ನ ನಂಬೋದಾ? ಜೀವಮಾನವೆಲ್ಲ ಕಿವಿಯನ್ನ ನಂಬಿದೋನು... ಕಿವಿಯನ್ನೇ ನಂಬಿದೆ. ನೀನು ಹೋಗುವಾಗ ಏನೂ ಕೊಡೋಕಾಗಲಿಲ್ಲ, ಈ ಹಾಡುಗಳನ್ನಾದ್ರೂ ಚೆನ್ನಾಗಿ ಮಾಡಿ ಕೊಡೋಣ ಅಂತ... ನೀನು ಬಂದು 'ಎಲ್ಲಾ' ಅಂದೆಯಲ್ಲ, ಆಗ ಗೊತ್ತಾಯ್ತು, ನನಗೆ ಏನೂ ಉಳಿದಿಲ್ಲ ಅಂತ. ಬೆಳಗ್ಗೆ ಆಸ್ಪತ್ರೆಗೆ ಹೋಗಿ 'ನನ್ನಿಂದಾಗಿದ್ದು' ಅಂತ ಆ ತಾತನ ಕಾಲಿಗೆ ಬಿದ್ದು ಬಂದೆ. ನಿನಗೆ ಹೇಳಬೇಡಿ ಅಂದಿದ್ದೆ.”

ಅವಳ ಎದೆ ಬಿರಿಯಿತು. ಕಿವಿಯಲ್ಲಿ ಏನೂ ಉಳಿದಿಲ್ಲವೆಂಬ ಸುದ್ದಿಯನ್ನು ಅವನಿಗೆ ತಲುಪಿಸಿದವಳು ತಾನು! ಅದೂ ಎಂಥ ಮಾತುಗಳಲ್ಲಿ!

“ಆವತ್ತು ನಾನು ಕೂಗಿದ್ದು...”

“ಕೇಳಿಸ್ಲೇ ಇಲ್ಲ.”

“ಮತ್ಯಾಕೆ ಸುಳ್ಳು ಹೇಳಿದೆ? ಕೇಳಿಸ್ಲಿಲ್ಲ ಅಂದಿದ್ರೆ ನಾನು ಹೋಗ್ತಿದ್ನಾ?”

“ಅದಕ್ಕೇ ಹೇಳಲಿಲ್ಲ!” ಅವನ ದನಿ ಮೊದಲ ಬಾರಿಗೆ ಏರಿತು. “ಹೋಗ್ತಿರಲಿಲ್ಲ ನೀನು. ದಿನವೆಲ್ಲ ಪೇಷಂಟುಗಳನ್ನ ಎತ್ತಿ ಕೂರಿಸಿ ಬರ್ತೀಯ, ಮನೆಗೆ ಬಂದ್ರೆ ಇನ್ನೊಬ್ಬ! ಪಾಪ ಅಂತ ನೋಡ್ತಿದ್ದೆ ನೀನು. ಕೆಟ್ಟವನು ಅನ್ನಿಸ್ಕೊಳ್ಳೋದೇ ವಾಸಿ ಅನ್ನಿಸ್ತು.”

“ಯಾರಿಗೆ ವಾಸಿ?”

ಅವನು ಕೆಳಗಿಟ್ಟ ವೈರನ್ನು ಮತ್ತೆ ಕೈಗೆತ್ತಿಕೊಂಡ.

“ಹೇಳು, ಯಾರಿಗೆ? ಗಂಡ ನನ್ನ ಗೋಳು ಕೇಳಿಸ್ಕೊಂಡು ಸುಮ್ಮನೆ ಕೂತಿದ್ದ ಅಂತ ಅಂದುಕೊಂಡು ಬದುಕಿದ್ದೀನಿ ನಾನು! ನಾನು ಅಷ್ಟು ಬೇಡದವಳಾ, ನನ್ನಲ್ಲೇನು ತಪ್ಪಿತ್ತು ಅಂತ ದಿನಾ ಕೇಳ್ಕೊಂಡಿದ್ದೀನಿ! ನಿನ್ನ ಕಿವಿ ಹೋಯ್ತು ಅಂತ ನಾನು ಜೀವನಪೂರ್ತಿ ಅಳ್ತೀನಿ. ಆದ್ರೆ ನೀನು ಮಾಡಿದ್ದನ್ನ ಕ್ಷಮಿಸಲ್ಲ. ಇವತ್ತಂತೂ ಕ್ಷಮಿಸಲ್ಲ!”

“ಕ್ಷಮಿಸಬೇಡ,” ಎಂದ ಅವನು. ಕಣ್ಣಿಂದ ನೀರು ಸುರಿಯುತ್ತಿತ್ತು. “ನನ್ನನ್ನ ನಾನೂ ಕ್ಷಮಿಸ್ಕೊಂಡಿಲ್ಲ. ಹೆದರಿದ್ದೆ ಕಣೇ. ನನ್ನ ಕಿವಿ ನೋಡಿ ಇಷ್ಟಪಟ್ಟೋಳು ನೀನು. ಅದೇ ಇಲ್ಲ ಅಂದ್ಮೇಲೆ ನನ್ನಲ್ಲಿ ಇನ್ನೇನಿದೆ? ಪೂರ್ತಿ ಕಿವುಡಾಗೋಕೆ ಮುಂಚೆ ನೀನೇ ಹೋಗಿಬಿಡಲಿ ಅಂತ... ಹೋದ ಮೇಲೆ ಒಂದು ದಿನವೂ ನೆಮ್ಮದಿಯಿಲ್ಲ.”

ಇಬ್ಬರ ನಡುವೆ ಆ ಪೆಟ್ಟಿಗೆ. ಒಬ್ಬರಾದರೂ ಅದನ್ನು ದಾಟಬೇಕು. ಕೊನೆಗೆ ಅವಳೇ ಅದನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿ ಅವನ ಎದುರು ನೆಲದ ಮೇಲೆ ಕುಳಿತಳು, ತುಟಿ ಕಾಣುವಷ್ಟು ಹತ್ತಿರ.

“ಮಿಷನ್ ಕೊಡಲಿಲ್ವಾ ಡಾಕ್ಟ್ರು, ಕಿವಿಗೆ?”

“ಕೊಟ್ಟಿದ್ದಾರೆ. ಖಾನೆಯಲ್ಲಿದೆ. ಒಂದು ದಿನ ಹಾಕಿದ್ದೆ. ಹಾಡು ಕೇಳಿದ್ರೆ ತಗಡು ಬಡಿದ ಹಾಗೆ. ಮಾತಿಗಷ್ಟೇ ಅಂತೆ ಅದು, ಹಾಡಿಗಲ್ಲ. ತೆಗೆದಿಟ್ಟೆ.”

“ನಾನು ಯಾವತ್ತಾದ್ರೂ ಹಾಡಿದ್ದೀನಾ? ಹಾಡಿದ್ರೆ ಊರು ಬಿಟ್ಟು ಓಡ್ತಿದ್ದೆ ನೀನು. ಮಾತಾಡೋದಷ್ಟೇ ನನಗೆ ಬರೋದು. ಹಾಕ್ಕೋ.”

ಅವನು ಕದಲಲಿಲ್ಲ. ಅವಳೇ ಎದ್ದು ಖಾನೆಯಿಂದ ಆ ಪುಟ್ಟ ಮಿಷನ್‌ಗಳನ್ನು ತಂದಳು. ಅವನ ಕೂದಲು ಸರಿಸಿ, ಒಂದೊಂದಾಗಿ ಕಿವಿಗೆ ಇಟ್ಟಳು. ಅವನು ಕಣ್ಣು ಮುಚ್ಚಿಕೊಂಡಿದ್ದ.

“ಮುಂದಿನ ವಾರ ವಕೀಲರ ಹತ್ರ ಹೋಗಬೇಕಲ್ಲ...” ಎಂದ ಮೆಲ್ಲಗೆ.

“ಹೋಗೋಣ. ಬೇಡ ಅಂತ ಹೇಳೋಕೂ ಇಬ್ಬರೂ ಹೋಗಬೇಕು.” ತಡೆದು ಕೇಳಿದಳು. “ನನ್ನ ದನಿ... ಹೇಗಿದೆ?”

ಅವನು ಒಂದು ಒಳ್ಳೆಯ ಸುಳ್ಳು ಹೇಳಬಹುದಿತ್ತು. ಸುಳ್ಳು ಹೇಳಿ ಹೇಳಿ ಎಲ್ಲಿಗೆ ಬಂದು ನಿಂತಿದ್ದೇವೆಂದು ಇಬ್ಬರಿಗೂ ಗೊತ್ತಿತ್ತು.

“ತಗಡು,” ಎಂದ. “ಬರೀ ತಗಡು. ಮುಂಚಿನ ದನಿ ಅಲ್ಲ.”

ಅವಳ ಕಣ್ಣು ತುಂಬಿ ಬಂತು. ಆ ದನಿ ಇನ್ನೆಂದೂ ಅವನಿಗೆ ಸಿಗುವುದಿಲ್ಲ. ಸಿಗುತ್ತಿದ್ದ ಕೊನೆಯ ತಿಂಗಳುಗಳನ್ನು ಇಬ್ಬರೂ ಸೇರಿ ಹಾಳುಮಾಡಿದ್ದರು.

“ತೆಗೆದುಬಿಡ್ಲಾ ಹಾಗಾದ್ರೆ?” ಎಂದು ಕೈ ಚಾಚಿದಳು.

ಅವನು ಆ ಕೈಯನ್ನು ಹಿಡಿದುಕೊಂಡ.

“ಬೇಡ. ಮಾತಾಡ್ತಾ ಇರು.”

“ಏನು ಮಾತಾಡ್ಲಿ?”

“ಬೈತಾ ಇದ್ಯಲ್ಲ... ಅರ್ಧಕ್ಕೇ ನಿಲ್ಲಿಸಿಬಿಟ್ಟೆ. ಅದನ್ನೇ ಮುಂದುವರಿಸು.”